ವೈದ್ಯಕೀಯ ವೆಚ್ಚದ ತೆರಿಗೆ ಕಡಿತ ಮತ್ತು ಕಾರಣ ತಿಳಿಯದೆ ಇಳಿದ ರೀಫಂಡ್: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಆದಾಯ ತೆರಿಗೆ ರಿಟರ್ನ್‌ನಲ್ಲಿ 18,000 ರೂಪಾಯಿ ರೀಫಂಡ್ ತೋರಿಸಿದ್ದವರ ಖಾತೆಗೆ 7,600 ರೂಪಾಯಿ ಮಾತ್ರ ಜಮೆಯಾದರೆ, ಉಳಿದ 10,400 ರೂಪಾಯಿ ಏನಾಯಿತು ಎಂಬುದಕ್ಕೆ ಬ್ಯಾಂಕಿನ ಸಂದೇಶದಲ್ಲಿ ಉತ್ತರ ಸಿಗುವುದಿಲ್ಲ. ವಯಸ್ಸಾದ ತಂದೆತಾಯಿಯ ಚಿಕಿತ್ಸೆಗೆ ನಿಜವಾಗಿ ಹಣ ಸುರಿದು, ಕಾನೂನು ಕೊಡುವ ಕಡಿತವನ್ನಷ್ಟೇ ಕೇಳಿದವರಿಗೆ ಇದರಿಂದ ಆಗುವ ಬೇಸರ ಸಣ್ಣದಲ್ಲ. ಆದರೂ ದೂರು ಬರೆಯುವ ಮೊದಲು ಒಂದು ಮಾತು ನೆನಪಿನಲ್ಲಿರಬೇಕು: ರೀಫಂಡ್ ಇಳಿದಿದ್ದರೆ ಅದರ ಕಾರಣ ಇಲಾಖೆಯ ದಾಖಲೆಯಲ್ಲಿ ಯಾವುದೋ ಒಂದು ಸಾಲಿನಲ್ಲಿ ಬರೆದಿರುತ್ತದೆ. ಆ ಸಾಲನ್ನು ಗುರುತಿಸಿದ ಮೇಲಷ್ಟೇ ಯಾವ ಪರಿಹಾರ ಸರಿ ಎಂದು ಹೇಳಲು ಸಾಧ್ಯ. ತಪ್ಪು ಪರಿಹಾರದ ಹಿಂದೆ ಹೋದವರಿಗೆ ಹಲವು ತಿಂಗಳು ವ್ಯರ್ಥವಾಗುತ್ತವೆ, ಕೆಲವೊಮ್ಮೆ ಸರಿಯಾದ ಪರಿಹಾರದ ಗಡುವೇ ಮೀರಿಹೋಗುತ್ತದೆ.

ಇಲ್ಲಿ ಹೇಳುವ ಸೆಕ್ಷನ್‌ಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬಂದು ಸೆಕ್ಷನ್‌ಗಳ ಸಂಖ್ಯೆ ಬದಲಾಗಿದ್ದರೂ, 2025-26ರ ಆರ್ಥಿಕ ವರ್ಷದವರೆಗಿನ ಆದಾಯಕ್ಕೆ ಹಳೆಯ ಕಾಯ್ದೆಯೇ ಅನ್ವಯಿಸುತ್ತದೆ.

ಹಂತ 1: ನೀವು ಯಾವ ತೆರಿಗೆ ಪದ್ಧತಿಯಲ್ಲಿದ್ದೀರಿ ಎಂದು ಮೊದಲು ಖಚಿತಪಡಿಸಿಕೊಳ್ಳಿ

2023-24ರ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಆಯ್ಕೆಯಾಗಿದೆ. ಹಳೆಯ ಪದ್ಧತಿ ಬೇಕೆಂದು ನಾವೇ ಆರಿಸಿಕೊಳ್ಳದಿದ್ದರೆ ಹೊಸದರಲ್ಲಿಯೇ ಲೆಕ್ಕವಾಗುತ್ತದೆ, ಮತ್ತು ಹೊಸ ಪದ್ಧತಿಯಲ್ಲಿ ವೈದ್ಯಕೀಯ ವೆಚ್ಚ ಹಾಗೂ ಅಂಗವೈಕಲ್ಯಕ್ಕೆ ಸಂಬಂಧಿಸಿದ ಸೆಕ್ಷನ್‌ಗಳಾದ 80ಡಿ, 80ಡಿಡಿ, 80ಡಿಡಿಬಿ, 80ಯು ಇವುಗಳಲ್ಲಿ ಯಾವ ಕಡಿತವೂ ಸಿಗುವುದಿಲ್ಲ. ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದವರು ರಿಟರ್ನ್‌ನಲ್ಲಿಯೇ ಹಳೆಯ ಪದ್ಧತಿಯನ್ನು ಆರಿಸಬಹುದು. ಅಂಥ ಆದಾಯ ಇರುವವರು ಫಾರಂ 10-ಐಇಎ ಸಲ್ಲಿಸಬೇಕು. ಇಬ್ಬರಿಗೂ ಸಮಾನವಾದ ನಿಯಮವೆಂದರೆ, ಈ ಆಯ್ಕೆಯನ್ನು ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದೊಳಗೆ ಮಾಡಿರಬೇಕು.

ಈ ದಿನಾಂಕದಲ್ಲಿ ಎಡವುವವರು ಬಹಳ ಮಂದಿ. 2024-25ರ ಆದಾಯದ ರಿಟರ್ನ್‌ಗೆ ಲೆಕ್ಕಪರಿಶೋಧನೆ ಬೇಕಿಲ್ಲದವರ ಗಡುವನ್ನು ಜುಲೈ 31ರಿಂದ ಮುಂದೂಡಿ, ಕೊನೆಗೆ 2025ರ ಸೆಪ್ಟೆಂಬರ್ 16ಕ್ಕೆ ನಿಲ್ಲಿಸಲಾಯಿತು. ಅದರ ಮರುದಿನ ಸಲ್ಲಿಸಿದವರು ಹಳೆಯ ಪದ್ಧತಿಯ ಹಕ್ಕನ್ನು ಆ ವರ್ಷದ ಮಟ್ಟಿಗೆ ಕಳೆದುಕೊಂಡರು, ಎಷ್ಟೇ ಆಸ್ಪತ್ರೆ ಬಿಲ್ ಇದ್ದರೂ. ಇನ್ನೂ ಸೂಕ್ಷ್ಮವಾದ ವಿಷಯ ಇ-ವೆರಿಫಿಕೇಷನ್ನಿನದು. ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಅಥವಾ ಬೇರೆ ವಿಧಾನದಿಂದ ದೃಢೀಕರಿಸದೆ, ಆಮೇಲೆ ದೃಢೀಕರಿಸಿದರೆ, ದೃಢೀಕರಿಸಿದ ದಿನವನ್ನೇ ರಿಟರ್ನ್ ಸಲ್ಲಿಸಿದ ದಿನವೆಂದು ಪರಿಗಣಿಸಲಾಗುತ್ತದೆ. ಗಡುವಿನೊಳಗೆ ಸಲ್ಲಿಸಿದ್ದೇನೆ ಎಂಬ ನೆಮ್ಮದಿಯಲ್ಲಿದ್ದವರ ರಿಟರ್ನ್ ಹೀಗೆ ತಡವಾದ ರಿಟರ್ನ್ ಆಗಿಬಿಡುತ್ತದೆ, ಅದರಲ್ಲಿ ಕೇಳಿದ ಕಡಿತಗಳೂ ಬಿದ್ದುಹೋಗುತ್ತವೆ.

ಹಳೆಯ ಪದ್ಧತಿಗಾಗಿ ಹಟ ಹಿಡಿಯುವ ಮೊದಲು ಎರಡೂ ಲೆಕ್ಕ ಹಾಕಿ ನೋಡುವುದು ಅಗತ್ಯ. 2024-25ರಲ್ಲಿ 9 ಲಕ್ಷ ರೂಪಾಯಿ ಸಂಬಳವಿದ್ದ 60 ವರ್ಷದೊಳಗಿನ ಉದ್ಯೋಗಿಯೊಬ್ಬರು ಉಳಿತಾಯ, ಹೂಡಿಕೆಗಳಿಗೆ ಸಿಗುವ 80ಸಿ ಅಡಿ ಪೂರ್ತಿ 1,50,000, ಆರೋಗ್ಯದ ಬಾಬ್ತು 75,000, ವೃತ್ತಿ ತೆರಿಗೆ 2,400 ಮತ್ತು ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಕಳೆದರೆ ಹಳೆಯ ಪದ್ಧತಿಯಲ್ಲಿ ಸೆಸ್ ಸೇರಿ ಸುಮಾರು 38,500 ರೂಪಾಯಿ ತೆರಿಗೆ ಬರುತ್ತದೆ. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದನ್ನೇ ಕಳೆದರೂ ತೆರಿಗೆ 33,800. 2025-26ರ ದರಗಳಲ್ಲಿ ಅದೇ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. 18 ಲಕ್ಷ ಸಂಬಳದವರಿಗೆ 2025-26ರಲ್ಲಿ ಹಳೆಯದು ಲಾಭವಾಗಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ ಒಟ್ಟು ಕಡಿತಗಳು 6,92,000 ರೂಪಾಯಿಯ ಆಸುಪಾಸು ದಾಟಬೇಕು. ಆದ್ದರಿಂದ ಮನೆ ಬಾಡಿಗೆ ಭತ್ಯೆಯ ವಿನಾಯಿತಿಯೋ ಗೃಹಸಾಲದ ಬಡ್ಡಿಯೋ ಜೊತೆಗಿಲ್ಲದವರು ವೈದ್ಯಕೀಯ ಕಡಿತವೊಂದನ್ನೇ ನಂಬಿ ಹಳೆಯ ಪದ್ಧತಿಗೆ ಹೋಗುವುದು ಬಹುಪಾಲು ನಷ್ಟದ ದಾರಿ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ: ಕಡಿತ ತಿರಸ್ಕೃತವಾಯಿತೆಂದು ಕೊರಗುವವರಲ್ಲಿ ಕೆಲವರಿಗೆ ಆ ಕಡಿತದ ಅಗತ್ಯವೇ ಇರುವುದಿಲ್ಲ.

ಹಂತ 2: ಯಾವ ಖರ್ಚು ಯಾವ ಸೆಕ್ಷನ್ನಿಗೆ ಸೇರುತ್ತದೆ ಎಂದು ವಿಂಗಡಿಸಿ

ಇಲ್ಲಿಂದ ಮುಂದಿನದು ಹಳೆಯ ಪದ್ಧತಿಯಲ್ಲಿರುವವರಿಗೆ. ಆಸ್ಪತ್ರೆಗೆ ಖರ್ಚಾದ ಹಣವೆಲ್ಲ ಕಡಿತಕ್ಕೆ ಅರ್ಹ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಕಾನೂನು ಹಾಗೆ ಹೇಳುವುದಿಲ್ಲ. ನಲವತ್ತು ವರ್ಷದವರೊಬ್ಬರು ತಮ್ಮ ಶಸ್ತ್ರಚಿಕಿತ್ಸೆಗೆ ಕೈಯಿಂದ ಕೊಟ್ಟ ಎರಡು ಲಕ್ಷಕ್ಕೆ 80ಡಿ ಅಡಿ ಒಂದು ರೂಪಾಯಿಯೂ ಕಳೆಯುವುದಿಲ್ಲ. 80ಡಿ ಮುಖ್ಯವಾಗಿ ಆರೋಗ್ಯ ವಿಮೆಯ ಕಂತಿಗೆ ಸಂಬಂಧಿಸಿದ್ದು. ಖರ್ಚಿಗೇ ಕಡಿತ ಸಿಗುವುದು ಹಿರಿಯ ನಾಗರಿಕರ ವಿಷಯದಲ್ಲಿ ಮಾತ್ರ.

ಮಿತಿಗಳು ಹೀಗಿವೆ. ತಾನು, ಸಂಗಾತಿ ಮತ್ತು ಅವಲಂಬಿತ ಮಕ್ಕಳ ವಿಮಾ ಕಂತಿಗೆ ವರ್ಷಕ್ಕೆ 25,000 ರೂಪಾಯಿ. ವಿಮೆಗೆ ಒಳಪಟ್ಟವರಲ್ಲಿ ಒಬ್ಬರಾದರೂ 60 ವರ್ಷ ತುಂಬಿದ ನಿವಾಸಿಯಾಗಿದ್ದರೆ 50,000. ತಂದೆತಾಯಿಗೆ ಪ್ರತ್ಯೇಕವಾಗಿ ಮತ್ತೆ 25,000 ಅಥವಾ, ಅವರು ಹಿರಿಯ ನಾಗರಿಕರಾಗಿದ್ದರೆ, 50,000. ತಂದೆತಾಯಿ ನಿಮ್ಮ ಮೇಲೆ ಅವಲಂಬಿತರಾಗಿರಬೇಕೆಂಬ ನಿಯಮವಿಲ್ಲ, ಪಿಂಚಣಿ ಬರುತ್ತಿದ್ದರೂ ಅಡ್ಡಿಯಿಲ್ಲ. ಆದರೆ ಅತ್ತೆಮಾವ ಮತ್ತು ಒಡಹುಟ್ಟಿದವರು ಈ ಸೆಕ್ಷನ್ನಿಗೆ ಬರುವುದಿಲ್ಲ. ಅತ್ತೆಯ ವಿಮಾ ಕಂತನ್ನು ಅಳಿಯ ಕಟ್ಟುವ ಬದಲು, ಸ್ವಂತ ಆದಾಯವಿರುವ ಮಗಳೇ ತನ್ನ ಖಾತೆಯಿಂದ ಕಟ್ಟಿದರೆ ಆಕೆಗೆ ಕಡಿತ ಸಿಗುತ್ತದೆ.

60 ವರ್ಷ ತುಂಬಿದವರಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಅವರ ವೈದ್ಯಕೀಯ ಖರ್ಚನ್ನೇ ಅದೇ 50,000 ರೂಪಾಯಿ ಮಿತಿಯೊಳಗೆ ಕಳೆಯಬಹುದು. ಊರಿನಲ್ಲಿರುವ ತಾಯಿಯ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳಿಗೆ ತಿಂಗಳು ತಿಂಗಳು ಹಣ ಕಳಿಸುವ ಸಾವಿರಾರು ಮಕ್ಕಳಿಗೆ ಅತ್ಯಂತ ಉಪಯುಕ್ತವಾದ ಭಾಗ ಇದು, ಹಾಗೆಯೇ ಅತ್ಯಂತ ಹೆಚ್ಚು ಮಂದಿ ಬಿಟ್ಟುಬಿಡುವ ಭಾಗವೂ ಇದೇ. ವೈದ್ಯಕೀಯ ವೆಚ್ಚ ಎಂದರೆ ಯಾವುದು ಎಂದು ಸೆಕ್ಷನ್ ಪಟ್ಟಿ ಮಾಡಿಲ್ಲ. ವೈದ್ಯರ ಶುಲ್ಕ, ಔಷಧಿ, ಪರೀಕ್ಷೆ, ಆಸ್ಪತ್ರೆಯ ಬಿಲ್ ಇವನ್ನು ಸಹಜವಾಗಿ ಸೇರಿಸಲಾಗುತ್ತದೆ. ವಿಮೆ ಇದೆಯೇ ಎಂಬುದನ್ನು ವ್ಯಕ್ತಿವಾರು ನೋಡಬೇಕು. ತಂದೆಗೆ ಪಾಲಿಸಿ ಇದ್ದು ತಾಯಿಗೆ ಇಲ್ಲದಿದ್ದರೆ, ತಂದೆಯ ಕಂತು ಮತ್ತು ತಾಯಿಯ ಖರ್ಚು ಎರಡನ್ನೂ ಕೂಡಿಸಿ 50,000ದವರೆಗೆ ಕೇಳಬಹುದು. ಆದರೆ ಪಾಲಿಸಿ ಇರುವ ತಂದೆಯ ಔಷಧಿಯ ಬಿಲ್ ಸೇರಿಸುವಂತಿಲ್ಲ.

ಹಣ ಕೊಟ್ಟ ವಿಧಾನ ನಿರ್ಣಾಯಕವಾದದ್ದು. ವಿಮಾ ಕಂತು ಮತ್ತು ಹಿರಿಯರ ಚಿಕಿತ್ಸಾ ವೆಚ್ಚ ಎರಡೂ ನಗದಲ್ಲದ ರೂಪದಲ್ಲಿ, ಅಂದರೆ ಯುಪಿಐ, ಕಾರ್ಡ್, ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಿಂದ ಪಾವತಿಯಾಗಿರಬೇಕು. ಮೆಡಿಕಲ್ ಸ್ಟೋರಿನಲ್ಲಿ ನೋಟು ಕೊಟ್ಟು ತಂದ ಔಷಧಿಗೆ ಬಿಲ್ ಇದ್ದರೂ ಕಡಿತವಿಲ್ಲ. ಮುನ್ನೆಚ್ಚರಿಕೆಯ ಆರೋಗ್ಯ ತಪಾಸಣೆಗೆ ಮಾತ್ರ ನಗದು ನಡೆಯುತ್ತದೆ. ಅದಕ್ಕೆ ಒಟ್ಟು 5,000 ರೂಪಾಯಿ, ಅದೂ ಮೇಲಿನ ಮಿತಿಗಳ ಒಳಗೇ. ಎರಡು ಮೂರು ವರ್ಷದ ಕಂತನ್ನು ಒಮ್ಮೆಲೇ ಕಟ್ಟಿದ್ದರೆ ಅದನ್ನು ವರ್ಷಗಳಿಗೆ ಸಮನಾಗಿ ಹಂಚಿ, ಆಯಾ ವರ್ಷದ ಪಾಲನ್ನಷ್ಟೇ ಕೇಳಬೇಕು.

ಒಂದು ಲೆಕ್ಕ ನೋಡೋಣ. ಬೆಂಗಳೂರಿನಲ್ಲಿ ಕೆಲಸ ಮಾಡುವವರೊಬ್ಬರು ತಮ್ಮ ಕುಟುಂಬದ ವಿಮೆಗೆ 22,000, ತಪಾಸಣೆಗೆ 4,000, ದಾವಣಗೆರೆಯಲ್ಲಿರುವ ವಿಮೆಯಿಲ್ಲದ 72 ವರ್ಷದ ತಾಯಿಯ ಚಿಕಿತ್ಸೆಗೆ ಯುಪಿಐ ಮೂಲಕ 68,000 ಖರ್ಚು ಮಾಡಿದ್ದಾರೆ ಎಂದುಕೊಳ್ಳಿ. ಕುಟುಂಬದ ಬಾಬ್ತು 26,000 ಆದರೂ ಸಿಗುವುದು 25,000. ತಾಯಿಯ ಬಾಬ್ತು 50,000. ಒಟ್ಟು 75,000 ರೂಪಾಯಿ ಕಡಿತ.

ಉಳಿದ ಸೆಕ್ಷನ್‌ಗಳು ಕಡಿಮೆ ಜನರಿಗೆ ಅನ್ವಯಿಸಿದರೂ ಅನ್ವಯಿಸಿದಾಗ ದೊಡ್ಡ ಆಸರೆ. ಕ್ಯಾನ್ಸರ್, ದೀರ್ಘಕಾಲದ ಮೂತ್ರಪಿಂಡ ವೈಫಲ್ಯ, ಹಿಮೋಫಿಲಿಯಾ, ಥಲಸ್ಸೇಮಿಯಾ, ಏಡ್ಸ್, ಹಾಗೂ ಶೇ. 40 ಅಥವಾ ಹೆಚ್ಚಿನ ವೈಕಲ್ಯ ಉಂಟುಮಾಡಿದ ಪಾರ್ಕಿನ್ಸನ್, ಡಿಮೆನ್ಷಿಯಾದಂಥ ನರರೋಗಗಳ ಚಿಕಿತ್ಸೆಗೆ 80ಡಿಡಿಬಿ ಅಡಿ 40,000, ರೋಗಿ ಹಿರಿಯ ನಾಗರಿಕರಾಗಿದ್ದರೆ 1,00,000 ರೂಪಾಯಿವರೆಗೆ ಕಡಿತವಿದೆ. ಇದಕ್ಕೆ ಸಂಬಂಧಪಟ್ಟ ತಜ್ಞ ವೈದ್ಯರ ಚೀಟಿ ಬೇಕು. ವಿಮಾ ಕಂಪನಿ ಅಥವಾ ಉದ್ಯೋಗದಾತರಿಂದ ಮರಳಿ ಬಂದ ಹಣವನ್ನು ಕಡಿತದ ಮೊತ್ತದಿಂದ ಕಳೆಯಬೇಕು. ಅವಲಂಬಿತರಾದ ಒಡಹುಟ್ಟಿದವರೂ ಈ ಸೆಕ್ಷನ್ನಿಗೆ ಬರುತ್ತಾರೆ. ಅವಲಂಬಿತ ಅಂಗವಿಕಲರಿಗಾಗಿ 80ಡಿಡಿ, ಸ್ವತಃ ಅಂಗವಿಕಲರಾದ ತೆರಿಗೆದಾರರಿಗೆ 80ಯು: ಎರಡರಲ್ಲೂ 75,000, ವೈಕಲ್ಯ ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000. ಇಲ್ಲಿ ಖರ್ಚು ಎಷ್ಟಾಯಿತು ಎಂಬುದು ಮೊತ್ತವನ್ನು ನಿರ್ಧರಿಸುವುದಿಲ್ಲ, ಪ್ರಮಾಣಪತ್ರವೇ ಮುಖ್ಯ.

ಹಂತ 3: ರಿಟರ್ನ್‌ನಲ್ಲಿ ವಿವರವನ್ನು ಅದರ ಜಾಗದಲ್ಲೇ ತುಂಬಿ

ರಿಟರ್ನ್ ಜೊತೆ ಬಿಲ್ ಲಗತ್ತಿಸಬೇಕಾಗಿಲ್ಲ. ಆದರೆ ಒಟ್ಟು ಮೊತ್ತವನ್ನು ಬರೆದರೆ ಸಾಲದು, 80ಡಿ ಶೆಡ್ಯೂಲ್ ತುಂಬಬೇಕು. ಹಿರಿಯ ನಾಗರಿಕರು ಇದ್ದಾರೆಯೇ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು, ವಿಮಾ ಕಂತನ್ನೂ ವೈದ್ಯಕೀಯ ವೆಚ್ಚವನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಬೇಕು. 2025-26ರ ಅಸೆಸ್‌ಮೆಂಟ್ ವರ್ಷದ, ಅಂದರೆ 2024-25ರ ಆದಾಯದ, ನಮೂನೆಗಳಿಂದ ವಿಮಾ ಕಂಪನಿಯ ಹೆಸರು ಮತ್ತು ಪಾಲಿಸಿ ಸಂಖ್ಯೆಯನ್ನೂ ಕೇಳಲಾಗುತ್ತಿದೆ. ಉದ್ಯೋಗದಾತರು ಕೊಡುವ ಫಾರಂ 16ರಲ್ಲಿ ಈ ಕಡಿತ ಇಲ್ಲವೆಂದು ಹಿಂಜರಿಯಬೇಕಿಲ್ಲ; ಕಚೇರಿಗೆ ಸಮಯಕ್ಕೆ ಪುರಾವೆ ಕೊಡಲಾಗದವರು ರಿಟರ್ನ್‌ನಲ್ಲಿ ನೇರವಾಗಿ ಕೇಳಬಹುದು. ಕಂಪನಿಯೇ ಭರಿಸಿದ ಗುಂಪು ವಿಮೆಯ ಕಂತನ್ನು ಮಾತ್ರ ಕೇಳುವಂತಿಲ್ಲ. ನಿಮ್ಮ ಸಂಬಳದಿಂದ ಹಿಡಿದ ಪಾಲಿದ್ದರೆ ಅದನ್ನು ಕೇಳಬಹುದು.

ಬಿಲ್, ವೈದ್ಯರ ಚೀಟಿ, ಪಾವತಿಯ ಪುರಾವೆ ಈ ಮೂರನ್ನು ಒಂದಕ್ಕೊಂದು ಹೊಂದುವಂತೆ ಒಂದೇ ಕಡೆ ಇಟ್ಟುಕೊಳ್ಳಿ. ಥರ್ಮಲ್ ಕಾಗದದ ಬಿಲ್ಲುಗಳು ವರ್ಷದೊಳಗೆ ಮಾಸಿಹೋಗುವುದರಿಂದ ಅಂದೇ ಫೋಟೊ ತೆಗೆದಿಡುವುದು ಒಳ್ಳೆಯದು. ರೀಫಂಡ್ ಹೆಚ್ಚಿಸಿಕೊಡುತ್ತೇವೆ ಎಂದು ಇಲ್ಲದ ಖರ್ಚನ್ನು ತುಂಬುವ ಮಧ್ಯವರ್ತಿಗಳಿಂದ ದೂರವಿರಿ. ಇಂಥ ಸುಳ್ಳು ಕಡಿತಗಳ ವಿರುದ್ಧ 2025ರ ಜುಲೈನಲ್ಲಿ ಇಲಾಖೆ ದೇಶದ ಹಲವೆಡೆ ಪರಿಶೀಲನಾ ಕಾರ್ಯಾಚರಣೆ ನಡೆಸಿತು. ತಪ್ಪು ಮಾಹಿತಿ ಕೊಟ್ಟದ್ದಕ್ಕೆ ದಂಡ, ಅದರಿಂದ ತಪ್ಪಿಸಿದ ತೆರಿಗೆಯ ಶೇ. 200.

ಹಂತ 4: ರೀಫಂಡ್ ಇಳಿದಿದ್ದರೆ ಇಂಟಿಮೇಷನ್ ತೆರೆದು ಎರಡು ಕಾಲಂ ಹೋಲಿಸಿ

ಇಡೀ ದೇಶದ ರಿಟರ್ನ್‌ಗಳನ್ನು ಸಂಸ್ಕರಿಸುವ ಕೇಂದ್ರವಾದ ಸಿಪಿಸಿ ಇರುವುದು ನಮ್ಮ ಬೆಂಗಳೂರಿನಲ್ಲಿಯೇ. ಸಂಸ್ಕರಣೆ ಮುಗಿದ ಮೇಲೆ ಅಲ್ಲಿಂದ ಸೆಕ್ಷನ್ 143(1)ರ ಇಂಟಿಮೇಷನ್, ಅಂದರೆ ಲೆಕ್ಕದ ಫಲಿತಾಂಶ ತಿಳಿಸುವ ಪತ್ರ, ಇಮೇಲ್‌ಗೆ ಬರುತ್ತದೆ. ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಇ-ಫೈಲ್ ಅಡಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್, ಅದರೊಳಗೆ ವ್ಯೂ ಫೈಲ್ಡ್ ರಿಟರ್ನ್ಸ್‌ಗೆ ಹೋದರೂ ಅದು ಸಿಗುತ್ತದೆ. ಕಡತದ ಪಾಸ್‌ವರ್ಡ್ ಎಂದರೆ ಸಣ್ಣ ಅಕ್ಷರಗಳಲ್ಲಿ ಪ್ಯಾನ್ ಸಂಖ್ಯೆ, ಅದಕ್ಕೆ ಅಂಟಿಸಿದಂತೆ ಜನ್ಮದಿನಾಂಕದ ಎಂಟು ಅಂಕೆಗಳು. ಒಂದು ಕಾಲಂನಲ್ಲಿ ನೀವು ಕೊಟ್ಟ ಲೆಕ್ಕ, ಪಕ್ಕದಲ್ಲಿ ಇಲಾಖೆಯ ಲೆಕ್ಕ ಇರುತ್ತದೆ. ಮೇಲಿನಿಂದ ಕೆಳಕ್ಕೆ ಓದುತ್ತಾ ಎರಡು ಸಂಖ್ಯೆಗಳು ಮೊದಲು ಬೇರೆಯಾಗುವ ಸಾಲಿಗೆ ಗುರುತು ಹಾಕಿ. ಮುಂದಿನ ವ್ಯತ್ಯಾಸಗಳಲ್ಲಿ ಹೆಚ್ಚಿನವು ಅದರ ಪರಿಣಾಮಗಳು. ಇಂಗ್ಲಿಷಿನ ಈ ಉದ್ದನೆಯ ಪಟ್ಟಿಯನ್ನು ಕಂಡು ಎಷ್ಟೋ ಹಿರಿಯ ಪಿಂಚಣಿದಾರರು ಓದದೆ ಮುಚ್ಚಿಡುತ್ತಾರೆ. ಬೆಂಗಳೂರಿನಿಂದಲೇ ಹೊರಡುವ ಈ ಪತ್ರ ಕನ್ನಡದಲ್ಲಿಯೂ ಸಿಗಬೇಕೆಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿಯವರೆಗೆ ಮನೆಯ ಕಿರಿಯರು ಜೊತೆ ಕುಳಿತು ಓದಿ ಹೇಳಬೇಕು.

ವ್ಯತ್ಯಾಸದ ಮೊತ್ತವೇ ಒಳ್ಳೆಯ ಸುಳಿವು. 50,000 ರೂಪಾಯಿ ಕಡಿತ ತಿರಸ್ಕೃತವಾದರೆ ಸೆಸ್ ಸೇರಿ ಶೇ. 5ರ ಹಂತದವರಿಗೆ 2,600, ಶೇ. 20ರವರಿಗೆ 10,400, ಶೇ. 30ರವರಿಗೆ 15,600 ರೂಪಾಯಿ ರೀಫಂಡ್ ಇಳಿಯುತ್ತದೆ. 25,000ಕ್ಕೆ ಇದರ ಅರ್ಧ. ಆರಂಭದಲ್ಲಿ ಹೇಳಿದ 10,400 ಹೀಗೆ ಬಂದದ್ದಾಗಿರಬಹುದು. ಸರಿಯಾಗಿ 5,000 ಅಥವಾ 1,000 ಇಳಿದಿದ್ದರೆ ಅದು ತಡವಾದ ರಿಟರ್ನ್‌ಗೆ 234ಎಫ್ ಅಡಿ ಹಾಕುವ ಶುಲ್ಕ. ತೆರಿಗೆಯ ಸಾಲುಗಳೆಲ್ಲ ಹೊಂದಿ, ಬಡ್ಡಿಯ ಸಾಲು ಮಾತ್ರ ಬೇರೆಯಾಗಿದ್ದರೆ 234ಎ (ತಡವಾದ ರಿಟರ್ನ್‌ನ ಬಡ್ಡಿ), 234ಬಿ ಅಥವಾ 234ಸಿ (ಮುಂಗಡ ತೆರಿಗೆ ಸರಿಯಾಗಿ ಕಟ್ಟದ್ದಕ್ಕೆ ಬಡ್ಡಿ) ಕಾರಣ. ವ್ಯಾಪಾರದ ಆದಾಯವಿಲ್ಲದ, 60 ತುಂಬಿದ ನಿವಾಸಿಗಳಿಗೆ ಮುಂಗಡ ತೆರಿಗೆಯ ಹೊಣೆ ಇಲ್ಲದ ಕಾರಣ ಕೊನೆಯ ಎರಡು ಬಡ್ಡಿಗಳು ಅವರ ಲೆಕ್ಕದಲ್ಲಿ ಬರಬಾರದು. ಬಂದಿದ್ದರೆ ಅದು ತಿದ್ದಿಸಬೇಕಾದ ತಪ್ಪು.

ಪಿಂಚಣಿದಾರರಿಗೆ ಇನ್ನೊಂದು ಗಡಿ ಇದೆ. ಹಳೆಯ ಪದ್ಧತಿಯಲ್ಲಿ ತೆರಿಗೆಗೊಳಪಡುವ ಆದಾಯ 5 ಲಕ್ಷ ಮೀರದಿದ್ದರೆ 87ಎ ರಿಬೇಟ್‌ನಿಂದ ತೆರಿಗೆ ಶೂನ್ಯ. 65 ವರ್ಷದವರೊಬ್ಬರ ಆದಾಯ 80ಡಿ ಕಳೆದ ಮೇಲೆ ಸರಿಯಾಗಿ 5 ಲಕ್ಷವಾಗಿದ್ದು, ಆ 50,000 ರೂಪಾಯಿ ಕಡಿತ ತಿರಸ್ಕೃತವಾದರೆ, ಆದಾಯ 5,50,000ಕ್ಕೆ ಏರಿ ರಿಬೇಟ್ ಪೂರ್ತಿ ಹೋಗುತ್ತದೆ, ತೆರಿಗೆ 20,800 ರೂಪಾಯಿ ಆಗುತ್ತದೆ. ಒಂದು ಸಣ್ಣ ಕಲಂ ಖಾಲಿ ಬಿಟ್ಟದ್ದಕ್ಕೆ ಬ್ಯಾಂಕಿನವರು ಠೇವಣಿ ಬಡ್ಡಿಯಿಂದ ಹಿಡಿದ ಟಿಡಿಎಸ್ ಅಷ್ಟೂ ಮರಳಿ ಬಾರದಂತೆ ಆಗುವುದು ಹೀಗೆ.

ಹಂತ 5: ಕಾರಣಕ್ಕೆ ತಕ್ಕ ದಾರಿ ಹಿಡಿಯಿರಿ

143(1)ರ ಸಂಸ್ಕರಣೆಯಲ್ಲಿ ಸಿಪಿಸಿ ನಿಮ್ಮ ಬಿಲ್ಲುಗಳನ್ನು ಪರಿಶೀಲಿಸುವುದಿಲ್ಲ. ರಿಟರ್ನ್‌ನಿಂದಲೇ ಎದ್ದು ಕಾಣುವ ತಪ್ಪನ್ನು ಮಾತ್ರ ಅದು ಸರಿಪಡಿಸಬಹುದು: ಒಂದು ಸಾಲು ಇನ್ನೊಂದಕ್ಕೆ ಹೊಂದದಿರುವುದು, ಕಡಿತಕ್ಕೆ ಬೇಕಾದ ವಿವರ ತುಂಬದಿರುವುದು, ಮಿತಿ ಮೀರಿ ಕೇಳಿರುವುದು ಇತ್ಯಾದಿ. ಹೀಗೆ ಬದಲಿಸುವ ಮೊದಲು ನಿಮಗೆ ಸೂಚನೆ ಕೊಟ್ಟು 30 ದಿನ ಕಾಯಬೇಕು. ಆ ಸೂಚನೆ ಬಂದೇ ಇಲ್ಲ ಎಂದು ಹೇಳುವವರು ತಮ್ಮ ಪೋರ್ಟಲ್ ಪ್ರೊಫೈಲ್‌ನಲ್ಲಿ ಯಾರ ಇಮೇಲ್, ಯಾರ ಮೊಬೈಲ್ ಸಂಖ್ಯೆ ಇದೆ ಎಂದು ನೋಡಿಕೊಳ್ಳಬೇಕು. ರಿಟರ್ನ್ ತುಂಬಿಕೊಟ್ಟವರ ಇಮೇಲ್ ಅಲ್ಲಿದ್ದರೆ ಸೂಚನೆಯೂ ಅವರಿಗೇ ಹೋಗಿರುತ್ತದೆ. ಇ-ಪ್ರೊಸೀಡಿಂಗ್ಸ್ ವಿಭಾಗದಲ್ಲಿ ಹಳೆಯ ಸೂಚನೆಗಳೆಲ್ಲ ಸಿಗುತ್ತವೆ. ಗಡುವು ಇನ್ನೂ ಇದ್ದರೆ ಅಸಮ್ಮತಿ ಎಂದು ಗುರುತಿಸಿ ಕಾರಣ ಬರೆಯಿರಿ.

ತಪ್ಪು ನಿಮ್ಮದೇ ಆಗಿದ್ದು, ಉದಾಹರಣೆಗೆ ಶೆಡ್ಯೂಲ್ ತುಂಬದಿದ್ದರೆ ಅಥವಾ ತಾಯಿಯ ಖರ್ಚನ್ನು ಕೇಳುವುದೇ ಮರೆತಿದ್ದರೆ, 139(5)ರ ಪರಿಷ್ಕೃತ ರಿಟರ್ನ್ ಸರಿಯಾದ ದಾರಿ. 2024-25ರ ಆದಾಯಕ್ಕೆ ಅದರ ಕೊನೆಯ ದಿನ 2025ರ ಡಿಸೆಂಬರ್ 31 ಆಗಿತ್ತು. ನಿಮ್ಮ ವರ್ಷದ ದಿನಾಂಕವನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಆ ದಿನ ದಾಟಿದ ಮೇಲೆ ಅಪ್‌ಡೇಟೆಡ್ ರಿಟರ್ನ್ ಹಾಕಿದರಾಯಿತು ಎಂಬ ಸಲಹೆಯನ್ನು ಒಪ್ಪಬೇಡಿ, ರೀಫಂಡ್ ಹೆಚ್ಚಿಸಿಕೊಳ್ಳಲು ಅದನ್ನು ಬಳಸುವಂತಿಲ್ಲ.

ಎಲ್ಲವೂ ಸರಿಯಾಗಿ ತುಂಬಿದ್ದರೂ ಸಂಸ್ಕರಣೆಯಲ್ಲಿ ತಪ್ಪಾಗಿದ್ದರೆ ಸೆಕ್ಷನ್ 154ರ ರೆಕ್ಟಿಫಿಕೇಷನ್ (ತಪ್ಪು ತಿದ್ದುವ) ಅರ್ಜಿಯನ್ನು ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಟಿಡಿಎಸ್ ಜಮೆ ಕಡಿಮೆ ತೋರಿಸಿದ್ದರೆ ತೆರಿಗೆ ಜಮೆಯ ವ್ಯತ್ಯಾಸದ ಆಯ್ಕೆ, ಉಳಿದದ್ದಕ್ಕೆ ಮರುಸಂಸ್ಕರಣೆಯ ಆಯ್ಕೆ. ಟಿಡಿಎಸ್ ವಿಷಯದಲ್ಲಿ ಮೊದಲು ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿಯಾದ ಫಾರಂ 26ಎಎಸ್ ನೋಡಿ. ಹಿಡಿದವರೇ ನಿಮ್ಮ ಪ್ಯಾನ್‌ಗೆ ಜಮೆ ತೋರಿಸದಿದ್ದರೆ ಅವರಿಂದ ತಿದ್ದುಪಡಿ ಹೇಳಿಕೆ ಸಲ್ಲಿಕೆಯಾಗುವವರೆಗೆ ನಿಮ್ಮ ಅರ್ಜಿಯಿಂದ ಪ್ರಯೋಜನವಾಗುವುದಿಲ್ಲ. ರೆಕ್ಟಿಫಿಕೇಷನ್‌ಗೆ ಆದೇಶವಾದ ಆರ್ಥಿಕ ವರ್ಷ ಮುಗಿದ ಮೇಲೆ ನಾಲ್ಕು ವರ್ಷ ಅವಕಾಶವಿದೆ, ಆದರೆ ಹೊಸ ಕಡಿತ ಸೇರಿಸಲು ಅದು ಉಪಯೋಗಕ್ಕೆ ಬರುವುದಿಲ್ಲ. ಕಾನೂನಿನ ವ್ಯಾಖ್ಯಾನದ ಬಗೆಗೇ ಭಿನ್ನಾಭಿಪ್ರಾಯವಿದ್ದರೆ 30 ದಿನಗಳೊಳಗೆ ಫಾರಂ 35ರಲ್ಲಿ ಮೇಲ್ಮನವಿ ಸಲ್ಲಿಸಬೇಕಾಗುತ್ತದೆ. ರೆಕ್ಟಿಫಿಕೇಷನ್ ಉತ್ತರಕ್ಕೆ ಕಾಯುತ್ತಾ ಈ 30 ದಿನ ಕಳೆದುಕೊಳ್ಳಬೇಡಿ.

ಎರಡೂ ಕಾಲಂಗಳು ಪೂರ್ತಿ ಹೊಂದುತ್ತಿದ್ದು ಕೈಗೆ ಬಂದ ಹಣ ಮಾತ್ರ ಕಡಿಮೆಯಿದ್ದರೆ, ಅದು ಸೆಕ್ಷನ್ 245ರ ಹೊಂದಾಣಿಕೆ. ಹಿಂದಿನ ಯಾವುದೋ ವರ್ಷದ ಬಾಕಿಗೆ ಈ ವರ್ಷದ ರೀಫಂಡ್ ಮುರಿದುಕೊಂಡಿರುತ್ತಾರೆ. ಪೆಂಡಿಂಗ್ ಆಕ್ಷನ್ಸ್ ಅಡಿ ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್ ತೆರೆದರೆ ಯಾವ ವರ್ಷದ ಎಷ್ಟು ಬಾಕಿ ಎಂದು ತಿಳಿಯುತ್ತದೆ. ಬಾಕಿ ಒಪ್ಪಿಗೆಯಿಲ್ಲದಿದ್ದರೆ ಅಲ್ಲಿಯೇ ಅಸಮ್ಮತಿ ಸೂಚಿಸಿ, ತೆರಿಗೆ ಕಟ್ಟಿದ ಚಲನ್ ಅಥವಾ ಹಳೆಯ ಆದೇಶವನ್ನು ಲಗತ್ತಿಸಿ. 2024ರ ಫೆಬ್ರುವರಿಯ ಆದೇಶದಂತೆ 2010-11ರವರೆಗಿನ ಅಸೆಸ್‌ಮೆಂಟ್ ವರ್ಷಗಳ 25,000 ರೂಪಾಯಿವರೆಗಿನ ಬಾಕಿಗಳನ್ನೂ, 2011-12ರಿಂದ 2015-16ರವರೆಗಿನ 10,000ದವರೆಗಿನ ಬಾಕಿಗಳನ್ನೂ, ಒಬ್ಬರಿಗೆ ಒಟ್ಟು ಒಂದು ಲಕ್ಷ ಮೀರದಂತೆ, ಕೈಬಿಡಲಾಗಿದೆ. ನಿಮ್ಮ ಬಾಕಿ ಈ ವ್ಯಾಪ್ತಿಯದೇ ಎಂದು ನೋಡುವುದನ್ನು ಮರೆಯಬೇಡಿ.

ಅನಾರೋಗ್ಯದಂಥ ನಿಜವಾದ ಅಡಚಣೆಯಿಂದ ಗಡುವು ಮೀರಿದವರಿಗೆ 119(2)(ಬಿ) ಅಡಿ ವಿಳಂಬ ಮನ್ನಿಸುವಂತೆ ಅರ್ಜಿ ಹಾಕುವ ಅವಕಾಶವಿದ್ದು, ಅಸೆಸ್‌ಮೆಂಟ್ ವರ್ಷ ಮುಗಿದ ಐದು ವರ್ಷಗಳೊಳಗೆ ಅದನ್ನು ಸಲ್ಲಿಸಬೇಕು. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಇಲ್ಲಿ ಮುಖ್ಯ ಪುರಾವೆಯಾಗುತ್ತದೆ.

ತಿದ್ದುಪಡಿಯ ನಂತರ ಬಾಕಿ ಹಣ ಬಂದಾಗ, ಮರಳಿಸಬೇಕಾದ ಮೊತ್ತವು ನಿರ್ಧಾರವಾದ ತೆರಿಗೆಯ ಶೇ. 10ಕ್ಕಿಂತ ಕಡಿಮೆಯಿಲ್ಲದಿದ್ದರೆ, 244ಎ ಅಡಿ ತಿಂಗಳಿಗೆ ಶೇ. ಅರ್ಧದ ಬಡ್ಡಿಯೂ ಸೇರಿರಬೇಕು. ಅದು ಸೇರಿದೆಯೇ ಎಂದು ಆದೇಶದಲ್ಲಿ ಪರಿಶೀಲಿಸಿ. ಆ ಬಡ್ಡಿ ತೆರಿಗೆಗೊಳಪಡುವ ಆದಾಯವಾದ್ದರಿಂದ, ಅದು ಕೈಗೆ ಬಂದ ವರ್ಷದ ರಿಟರ್ನ್‌ನಲ್ಲಿ ಇತರ ಮೂಲಗಳ ಆದಾಯವೆಂದು ತೋರಿಸಬೇಕು.